ನಲವತ್ತೆಂಟಕ್ಕೆ ಬ್ಯಾಗ್ ಇಳಿಸಿದ್ದು

ಆ ಮೀಟಿಂಗ್ ನಡೆದದ್ದು ಹುಬ್ಬಳ್ಳಿಯ ಒಂದು ಹೋಟೆಲ್ಲಿನಲ್ಲಿ. 2024ರ ಏಪ್ರಿಲ್. ಹೊರಗೆ ರಣ ಬಿಸಿಲು, ಒಳಗೆ ಸ್ವೆಟರ್ ಬೇಕೆನ್ನಿಸುವಷ್ಟು ಎಸಿ. ಪರದೆಯ ಮೇಲೆ ನನ್ನ ಏರಿಯಾದ ಅಂಕಿಗಳು. ಟಾರ್ಗೆಟ್ ಒಂದು ಕಡೆ, ಆದದ್ದು ಇನ್ನೊಂದು ಕಡೆ. ನನಗಿಂತ ಹದಿನಾರು ವರ್ಷ ಚಿಕ್ಕವರಾದ ರೀಜನಲ್ ಮ್ಯಾನೇಜರ್ ಅದನ್ನು ನೋಡುತ್ತ ನಗುನಗುತ್ತಲೇ ಹೇಳಿದರು: "ಸರ್, ನಿಮ್ಮ ಬ್ಯಾಟರಿ ಡೌನ್ ಆಗಿದೆ. ಚಾರ್ಜ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಬದಲಾಯಿಸ್ಬೇಕಾಗತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಅಂದದ್ದು ಎರಡು ದಿನದಲ್ಲಿ ಮರೆತುಹೋಯಿತು. ನಾನು ನಕ್ಕದ್ದು ಮಾತ್ರ ಮರೆಯಲಿಲ್ಲ.

ನಾನು ಮೆಡಿಕಲ್ ರೆಪ್. ಅಂದರೆ, ಆಗಿದ್ದೆ. 1999ರಲ್ಲಿ ಬಿ.ಫಾರ್ಮ್ ಮುಗಿಸಿದ ಕೂಡಲೇ ಬ್ಯಾಗ್ ಹೆಗಲಿಗೇರಿಸಿದವನು 25 ವರ್ಷ ಕೆಳಗಿಳಿಸಲಿಲ್ಲ. ದಾವಣಗೆರೆ ಹೆಡ್‌ಕ್ವಾರ್ಟರ್ಸ್. ಹರಿಹರ, ರಾಣೆಬೆನ್ನೂರು, ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ನನ್ನ ಓಡಾಟದ ಊರುಗಳು. ಯಾವ ಡಾಕ್ಟರು ಎಷ್ಟು ಗಂಟೆಗೆ ರೆಪ್‌ಗಳನ್ನು ಒಳಗೆ ಬಿಡುತ್ತಾರೆ, ಯಾವ ಕಾಂಪೌಂಡರ್ ಯಾವತ್ತು ಸಿಡುಕುತ್ತಾನೆ, ಯಾವ ಬಸ್‌ಸ್ಟ್ಯಾಂಡಿನ ಪಕ್ಕ ಸಂಜೆ ನಾಲ್ಕಕ್ಕೆ ಮಿರ್ಚಿ ಬಿಸಿ ಸಿಗುತ್ತದೆ, ಎಲ್ಲ ಬಾಯಿಪಾಠ. ಒಬ್ಬ ಡಾಕ್ಟರಿಗಾಗಿ ಎರಡು ಗಂಟೆ ಕಾಯುವುದು, ಒಳಗೆ ಹೋದ ಮೇಲೆ ಒಂದೂವರೆ ನಿಮಿಷದಲ್ಲಿ ಮೂರು ಔಷಧಿಯ ಬಗ್ಗೆ ಹೇಳಿ ಮುಗಿಸುವುದು. ನಮ್ಮ ಭಾಷೆಯಲ್ಲಿ ಅದು ಒಂದು 'ಕಾಲ್'. ದಿನಕ್ಕೆ ಹತ್ತು ಹನ್ನೊಂದು ಕಾಲ್, ರಾತ್ರಿ ಮನೆಗೆ ಬಂದು ರಿಪೋರ್ಟ್.

ರೆಪ್ ಆಗಿದ್ದಾಗ ಯೂನಿಯನ್ ಇತ್ತು. 1976ರ ಒಂದು ಕಾಯ್ದೆಯೂ ನಮ್ಮ ಬೆನ್ನಿಗಿತ್ತು. ಏರಿಯಾ ಮ್ಯಾನೇಜರ್ ಆದ ದಿನ ಮನೆಯಲ್ಲಿ ಪಾಯಸ ಮಾಡಿದರು. ಮ್ಯಾನೇಜರ್ ಕೆಲಸ ಮಾಡುವವರಿಗೆ ಆ ಕಾಯ್ದೆ ಅನ್ವಯಿಸಲ್ಲ ಅಂತ ಪಾಯಸ ತಿನ್ನುವಾಗ ಯಾರಿಗೆ ನೆನಪಿರತ್ತೆ? ಆಮೇಲೆ ನನ್ನ ಟಾರ್ಗೆಟ್ ಜೊತೆ ಆರು ಹುಡುಗರ ಟಾರ್ಗೆಟ್ಟೂ ನನ್ನ ತಲೆಗೆ ಬಂತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧ ಮಾರಾಟಕ್ಕೆ ಹೊಸ ಸಂಹಿತೆ ತಂದಿತು. ಡಾಕ್ಟರಿಗೆ ಉಡುಗೊರೆ, ಪ್ರವಾಸ ಯಾವುದೂ ಕೂಡದು ಅಂತ. ಒಳ್ಳೆಯದೇ. ಆದರೆ ಟಾರ್ಗೆಟ್ ಕಡಿಮೆ ಮಾಡಿ ಅಂತ ಯಾರೂ ಸಂಹಿತೆ ತರಲಿಲ್ಲ.

ಕೆಲಸ ಬಿಡಬೇಕು ಅನ್ನೋದು ಐದಾರು ವರ್ಷದಿಂದ ತಲೆಯಲ್ಲಿತ್ತು. ಬಿಟ್ಟು ಏನು ಮಾಡೋದು ಅನ್ನೋದೇ ಗೊತ್ತಿರಲಿಲ್ಲ. ಹುಬ್ಬಳ್ಳಿಯಿಂದ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸವೇ ದಡ್ಡತನದ್ದು. ಮೊಬೈಲಿನಲ್ಲಿ ಒಂದು ಜಾಹೀರಾತು ಬಂತು. 99 ರೂಪಾಯಿಗೆ ಎರಡು ದಿನದ ಆನ್‌ಲೈನ್ ಶಿಬಿರ, ಜೀವನವೇ ಬದಲಾಗುತ್ತದೆ. ಶನಿವಾರ ಪೂರ್ತಿ ಕೂತೆ. ಶಿಬಿರ ನಡೆಸುವ ಮನುಷ್ಯ ಪಟಪಟ ಮಾತಾಡಿದ, ಎಲ್ಲರ ಕೈಲೂ ಅವರವರ ಎದೆ ತಟ್ಟಿಸಿದ. ಭಾನುವಾರ ಸಂಜೆ ಹೊತ್ತಿಗೆ ವಿಷಯ ಹೊರಗೆ ಬಿತ್ತು. ನಿಜವಾದ ಕೋರ್ಸ್ ಬೇರೆ ಇದೆ, 42,000 ರೂಪಾಯಿ, ಇವತ್ತು ರಾತ್ರಿ ಹನ್ನೆರಡರೊಳಗೆ ಕಟ್ಟಿದರೆ ಅರ್ಧ. 25 ವರ್ಷ ಆಫರ್ ಮಾಡಿ ಮಾರಿದವನು ನಾನು. ನಾನೇ ಅರ್ಧ ದುಡ್ಡು ಕಟ್ಟಿದೆ! ಎರಡು ವಾರ ವಿಡಿಯೋ ನೋಡಿದೆ. ಎಲ್ಲದರಲ್ಲೂ ಬೆಳಗ್ಗೆ ನಾಲ್ಕಕ್ಕೆ ಏಳಿ, ತಣ್ಣೀರು ಸ್ನಾನ ಮಾಡಿ ಅಂತ. ದುಡ್ಡು ವಾಪಸ್ ಬರಲಿಲ್ಲ.

ಆ ಸಂಗತಿ ಮೈಸೂರಿನ ನಾದಿನಿಗೆ ಗೊತ್ತಾಗಿ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಎಚ್.ಆರ್. ಕೆಲಸದಲ್ಲಿರುವವಳು. "ಭಾವ, ನಮ್ಮ ದೇಶದಲ್ಲಿ ಕೋಚ್ ಅಂತ ಬೋರ್ಡ್ ಹಾಕ್ಕೊಳ್ಳೋಕೆ ಯಾವ ಲೈಸೆನ್ಸೂ ಬೇಡ. ನೀವೇ ನೋಡಿ ಆರಿಸ್ಕೋಬೇಕು" ಅಂದಳು. ಅವಳೇ ಒಬ್ಬ ಕೋಚ್ ಮೇಡಂ ನಂಬರ್ ಕೊಟ್ಟಳು. ಮುಂದೇನು ಅಂತ ನಾವೇ ಕಂಡುಕೊಳ್ಳೋಕೆ ಪ್ರಶ್ನೆ ಕೇಳುತ್ತ ನೆರವಾಗುವವರು. ಐಸಿಎಫ್ ಅಂತ ಕೋಚ್‌ಗಳ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ, 1995ರಿಂದ ಇದೆ. ಅದು ತರಬೇತಿ, ಅನುಭವ ನೋಡಿ ಮೂರು ದರ್ಜೆಯ ಪ್ರಮಾಣಪತ್ರ ಕೊಡುತ್ತದೆ. ಈ ಮೇಡಂ ಹತ್ತಿರ ಇದ್ದದ್ದು ನಡುವಿನ ದರ್ಜೆಯದು, ಪಿಸಿಸಿ. ಅದಕ್ಕೆ ಕನಿಷ್ಠ 500 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಹತ್ತು ಸೆಷನ್, ಒಂದಕ್ಕೆ 3,500 ರೂಪಾಯಿ, ಎರಡು ವಾರಕ್ಕೊಂದು, ವಿಡಿಯೋ ಕಾಲ್‌ನಲ್ಲಿ. ಮೊದಲ ಅರ್ಧ ಗಂಟೆ ಮಾತು ಮಾತ್ರ ಪುಕ್ಕಟೆ. ಅದರಲ್ಲಿ ಅವರು ತಮ್ಮ ಬಗ್ಗೆ ಹೆಚ್ಚು ಹೇಳಿಕೊಳ್ಳಲಿಲ್ಲ, ಆಫರ್ ಕೊಡಲಿಲ್ಲ. "ಯೋಚನೆ ಮಾಡಿ, ಅವಸರ ಇಲ್ಲ" ಅಂದರು. ಅಷ್ಟಕ್ಕೇ ನಂಬಿಕೆ ಬಂತು.

ಮನೆಯಲ್ಲಿ ಅಪ್ಪನಿಗೆ ಹೇಳಿದೆ, ಕೋಚಿಂಗ್ ತಗೊಳ್ತಿದ್ದೀನಿ ಅಂತ. ಅಪ್ಪ ಪೇಪರ್ ಕೆಳಗಿಟ್ಟು ಕನ್ನಡಕದ ಮೇಲಿಂದ ನೋಡಿದರು. "ಅಲ್ಲಲೇ, ಈ ವಯಸ್ನಾಗೆ ಕೆಎಎಸ್ ಬರೀತೀಯೇನು?" ನಮ್ಮ ಕಡೆ ಕೋಚಿಂಗ್ ಅಂದರೆ ಅದೇ ತಾನೆ. ನಾನು ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಮುಂದೇನು ಮಾಡ್ಬೇಕು ಅಂತ ಕೇಳಾಕೆ ದುಡ್ಡು ಕೊಡ್ತೀಯ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗ್ಯಾರೂ ಕೇಳ್ಲಿಲ್ಲ ಬಿಡು. ಬೆಳಿಗ್ಗೆ ಹೋದ್ರೆ ಗೇಟಿಗೆ ಬೀಗ ಬಿದ್ದಿತ್ತು" ಅಂದರು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಅಪ್ಪ ಹತ್ತಿ ಮಿಲ್ಲಿನಲ್ಲಿ ನೂಲುವ ಖಾತೆಯಲ್ಲಿದ್ದವರು. ಮಿಲ್ ಮುಚ್ಚಿದಾಗ ಅವರಿಗೆ ನಲವತ್ತಾರು. ಒಂದು ವರ್ಷ ಮನೆಯಲ್ಲೇ ಇದ್ದರು, ಆಮೇಲೆ ಒಂದು ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆಯಲು ಹೋದರು. ಆ ಒಂದು ವರ್ಷ ಅವರು ಏನು ಯೋಚಿಸಿದರು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಆವತ್ತೂ ಕೇಳಲಿಲ್ಲ.

ಮೊದಲ ಸೆಷನ್ನಿಗೆ ನಾನು ಪೂರ್ತಿ ತಯಾರಾಗಿ ಕೂತಿದ್ದೆ. ಇಸ್ತ್ರಿ ಶರ್ಟು, ಪೆನ್ನು, ಡೈರಿ. ಮೇಡಂ ಕೇಳಿದ್ದು ಒಂದೇ: "ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ ಸರ್?" ಹೇಳಿದೆ. ಎಂಟೂವರೆಗೆ ಹುಡುಗರ ಜೊತೆ ಫೋನ್, ಒಂಬತ್ತಕ್ಕೆ ಸ್ಟಾಕಿಸ್ಟ್, ಹತ್ತರಿಂದ ಇಷ್ಟು ಕಾಲ್. ಅವರು ಪೂರ್ತಿ ಕೇಳಿ, "ಇದು ನಿಮ್ಮ ಕಂಪನಿಗೆ ಕೊಡೋ ರಿಪೋರ್ಟ್ ಅಲ್ವಾ?" ಅಂದರು. ಹೌದು, ಪೂರ್ತಿ ಅದೇ ಥರ ಹೇಳಿದ್ದೆ. ನನಗೆ ಬೇರೆ ಥರ ಹೇಳೋಕೇ ಬರುತ್ತಿರಲಿಲ್ಲ.

ಆಗ ಅವರು ಕೊಟ್ಟದ್ದು ಒಂದು ಮನೆಗೆಲಸ. ಎರಡು ವಾರ, ಪ್ರತಿ ಗಂಟೆಗೆ ಒಂದು ಗುರುತು. ಆ ಗಂಟೆ ಕಳೆದ ಮೇಲೆ ಮೈಯಲ್ಲಿ ಸ್ವಲ್ಪ ಜೀವ ಬಂದಿದ್ದರೆ ಪ್ಲಸ್, ಹೋಗಿದ್ದರೆ ಮೈನಸ್, ಏನೂ ಇಲ್ಲದಿದ್ದರೆ ಸೊನ್ನೆ. ಯಾಕೆ ಅಂತ ಬರೆಯೋದು ಬೇಡ, ಎಲ್ಲಿ ಇದ್ದೆ ಅಂತ ಮಾತ್ರ ಬರೆಯಬೇಕು. ಡಾಕ್ಟರಿಗೆ ಕೊಟ್ಟು ಉಳಿದಿದ್ದ ಕಂಪನಿ ಡೈರಿಯೊಂದರಲ್ಲೇ ಶುರು ಮಾಡಿದೆ. ಪುಟದ ತುಂಬ ಸೊನ್ನೆ. ಬೆಳಗ್ಗಿನ ಫೋನ್ ದಿನಾ ಮೈನಸ್. ಭಾನುವಾರ ಸಂಜೆ ವಾಟ್ಸಾಪಿನಲ್ಲಿ ಟಾರ್ಗೆಟ್ ಬರುತ್ತಿತ್ತಲ್ಲ, ಅದಕ್ಕೆ ಎರಡು ಮೈನಸ್ ಹಾಕಿದ್ದೆ.

ಎರಡನೇ, ಮೂರನೇ ಸೆಷನ್ನುಗಳಲ್ಲಿ ನನಗೆ ಕೋಪವೇ ಬರುತ್ತಿತ್ತು. "ನೀವೇ ಹೇಳಿ ಮೇಡಂ, ನಾನು ಏನು ಮಾಡಲಿ?" ಅಂತ ಕೇಳಿದರೆ ಅವರು ಸುಮ್ಮನಿರುತ್ತಿದ್ದರು. ನಿಜವಾಗಿಯೂ ಸುಮ್ಮನೆ. ಇಪ್ಪತ್ತು ಸೆಕೆಂಡ್, ಮೂವತ್ತು ಸೆಕೆಂಡ್. ನೆಟ್‌ವರ್ಕ್ ಹೋಯಿತಾ ಅಂತ ನಾನು ಮೊಬೈಲ್ ನೋಡಿಕೊಂಡದ್ದೂ ಇದೆ. ಗಂಟೆಗೆ 3,500 ತಗೊಂಡು ಸುಮ್ಮನಿರೋಕೆ ನಮ್ಮೂರ ಯಾವ ಡಾಕ್ಟರಿಗೂ ಧೈರ್ಯ ಇಲ್ಲ. ಇನ್ನೊಂದು ಸಲ 'ವಿಷನ್ ಬೋರ್ಡ್' ಮಾಡಿ ಅಂದರು. ಹಳೇ ಪತ್ರಿಕೆಗಳಿಂದ ಇಷ್ಟದ ಚಿತ್ರ ಕತ್ತರಿಸಿ ಅಂಟಿಸಬೇಕು. ನಾನು ಕತ್ತರಿ, ಗೋಂದು ಹಿಡಿದು ಕೂತದ್ದನ್ನು ನೋಡಿ ಪಿಯುಸಿ ಓದುವ ಮಗಳು, "ಅಪ್ಪಾ, ನನ್ ಪ್ರಾಜೆಕ್ಟೂ ಮಾಡ್ಕೊಡು" ಅಂದಳು. ಮುಂದಿನ ಸಲ ಮೇಡಂಗೆ ನೇರವಾಗಿ ಹೇಳಿದೆ, ಇದು ನನ್ನ ಕೈಲಿ ಆಗಲ್ಲ ಅಂತ. ಅವರು ತಕ್ಷಣ ಬಿಟ್ಟರು, ಒಂದು ಸಲಾನೂ ಮತ್ತೆ ಎತ್ತಲಿಲ್ಲ. ನನಗೆ ಹೊಂದದ್ದನ್ನು ಬಿಡೋಕೆ ಅವರು ತಯಾರಿದ್ದರಲ್ಲ, ಅದು ನನಗೆ ಆ ಬೋರ್ಡಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ನನಗೊಂದು ಕನಸಿತ್ತು. ಮಧ್ಯ ಕರ್ನಾಟಕದ ಸಂಬಳಗಾರರಿಗೆಲ್ಲ ಇರುವ ಕನಸೇ: ಅಡಿಕೆ ತೋಟ. ಚನ್ನಗಿರಿ ಕಡೆ ದೊಡ್ಡಪ್ಪನ ಮಗನಿಗೆ ತೋಟ ಇದೆ. ಪಕ್ಕದಲ್ಲಿ ಒಂದೆಕರೆ ಮಾಡಿಕೊಂಡು ಹಾಯಾಗಿರೋದು ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. ಮೇಡಂ ಬೇಡ ಅನ್ನಲಿಲ್ಲ. "ಕೊಯ್ಲಿನ ಸಮಯದಲ್ಲಿ ನಾಲ್ಕು ದಿನ ಅಲ್ಲೇ ಇದ್ದು ಬನ್ನಿ, ನೆಂಟರ ಹಾಗಲ್ಲ, ಕೆಲಸದವರ ಹಾಗೆ" ಅಂದರು. ದಸರಾ ರಜೆಯಲ್ಲಿ ಹೋದೆ.

ಮೊದಲ ದಿನ ಖುಷಿಯೇ. ಕೊನೆ ಕೊಯ್ದು ಇಳಿಸುತ್ತಾರೆ, ಹೆಂಗಸರು ಸಾಲಾಗಿ ಕೂತು ಸುಲಿಯುತ್ತಾರೆ, ಹಂಡೆಯಲ್ಲಿ ಅಡಿಕೆ ಬೇಯುತ್ತದೆ, ಚೊಗರಿನ ವಾಸನೆ ಮೂಗಿಗೆ ಹತ್ತುತ್ತದೆ. ನಾನೂ ಸುಲಿಯಲು ಕೂತೆ. ಪಕ್ಕದ ಹೆಂಗಸು ಒಂದು ಬುಟ್ಟಿ ತುಂಬಿಸುವ ಹೊತ್ತಿಗೆ ನನ್ನದು ಎರಡು ಹಿಡಿ. ಎರಡನೇ ದಿನ ಮೋಡ ಕವಿಯಿತು. ಒಣಹಾಕಿದ್ದನ್ನು ಒಳಗೆ ತರೋದು, ಬಿಸಿಲು ಬಂತೆಂದು ಮತ್ತೆ ಹರಡೋದು. ಅಣ್ಣ ರಾತ್ರಿ ಊಟಕ್ಕೆ ಕೂತಾಗಲೂ ಧಾರಣೆ, ಕೊಳೆರೋಗ, ಆಳಿನ ಸಮಸ್ಯೆ ಇಷ್ಟೇ ಮಾತು. ತಿಂಗಳ ಕೊನೆಯ ಬದಲು ಇಲ್ಲಿ ವರ್ಷದ ಕೊನೆ, ಟಾರ್ಗೆಟ್ ಮಾತ್ರ ಇದ್ದೇ ಇದೆ. ಮೂರನೇ ದಿನ ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದೆ. ಬೆರಳಿಗೆ ಹತ್ತಿದ ಕರೆ ಹದಿನೈದು ದಿನ ಹೋಗಲಿಲ್ಲ. ಡಾಕ್ಟರ ಮುಂದೆ, ಔಷಧಿಯ ವಿವರ ತೋರಿಸುವ ವಿಷುಯಲ್ ಏಡ್ ಹಿಡಿದು ನಿಂತಾಗ ಒಬ್ಬರು, "ಏನ್ರೀ ಇದು, ತೋಟ ಮಾಡಿದ್ರಾ?" ಅಂದರು. ಮಾಡಿ ಮುಗೀತು ಸರ್, ಅಂದೆ.

ಎರಡು ವಾರಕ್ಕೆ ನಿಲ್ಲಿಸದೆ ಬರೆಯುತ್ತಲೇ ಇದ್ದೆ, ಇಷ್ಟು ಹೊತ್ತಿಗೆ ಡೈರಿಯಲ್ಲಿ ನಾಲ್ಕು ತಿಂಗಳ ಗುರುತುಗಳಿದ್ದವು. ಏಳನೇ ಸೆಷನ್ನಿನಲ್ಲಿ ಮೇಡಂ ಪ್ಲಸ್‌ಗಳನ್ನು ಮಾತ್ರ ಜಾಗದ ಸಮೇತ ಜೋರಾಗಿ ಓದಿ ಅಂದರು. ಓದಿದೆ. ರಾಣೆಬೆನ್ನೂರು, ಮೆಡಿಕಲ್ ಶಾಪ್. ಹರಿಹರ, ಮೆಡಿಕಲ್ ಶಾಪ್. ಬೆಣ್ಣೆದೋಸೆ ಹೋಟೆಲ್, ಅದು ಬಿಡಿ. ಚಿತ್ರದುರ್ಗ, ಮೆಡಿಕಲ್ ಶಾಪ್. ಓದುತ್ತ ಓದುತ್ತ ನನ್ನ ದನಿಯೇ ನಿಧಾನವಾಯಿತು. ನಮ್ಮ ಕೆಲಸದಲ್ಲಿ ಸಂಜೆ ಅಂಗಡಿಗಳಿಗೆ ಹೋಗಿ, ಯಾವ ಡಾಕ್ಟರು ಯಾವ ಬ್ರ್ಯಾಂಡ್ ಬರೆಯುತ್ತಿದ್ದಾರೆ ಅಂತ ಚೀಟಿಗಳ ಲೆಕ್ಕ ತೆಗೆಯೋದು ಒಂದು ಭಾಗ. ನಾನು ಹೋದರೆ ಅದು ಐದು ನಿಮಿಷದ ಕೆಲಸ, ಆದರೆ ಮುಕ್ಕಾಲು ಗಂಟೆ ನಿಲ್ಲುತ್ತಿದ್ದೆ. ಡಾಕ್ಟರ ಅಕ್ಷರ ಓದಿ ಹೇಳೋದು, ಇನ್ಸುಲಿನ್ ಫ್ರಿಜ್ಜಿನಲ್ಲಿಡಿ, ಫ್ರೀಜರಿಗೆ ಹಾಕಬೇಡಿ ಅಂತ ಯಾರಿಗೋ ತಿಳಿಸೋದು. ಅದು ಕೆಲಸ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಸುಮ್ನೆ ಹರಟೆ ಅಂದುಕೊಂಡಿದ್ದೆ.

"ಅಂದ್ರೆ ಮೆಡಿಕಲ್ ಶಾಪಾ?" ಅಂದೆ. ಮೇಡಂ ಏನೂ ಹೇಳಲಿಲ್ಲ. "25 ವರ್ಷ ಆದ್ಮೇಲೆ ಕೌಂಟರ್ ಹಿಂದೆ ನಿಲ್ಲೋದಾ? ಜನ ಏನಂದ್ಕೊಳ್ತಾರೆ?"

"ಯಾವ ಜನ?" ಅಂದರು. "ಹೆಸರು ಬರೀರಿ."

ಬರೆದೆ. ಐದು ಹೆಸರು. ಭಾವಮೈದುನ, ಕಾಲೇಜಿನ ಇಬ್ಬರು, ಹಳೇ ಬಾಸ್, ಎದುರು ಮನೆಯವರು. ಪ್ರತಿ ಹೆಸರಿನ ಮುಂದೆ ಅವರನ್ನು ಕೊನೆಯ ಸಲ ನೋಡಿದ್ದು ಯಾವಾಗ ಅಂತ ಬರೆಯಿರಿ ಅಂದರು. ಮೂವರನ್ನು ಮೂರು ವರ್ಷದಿಂದ ನೋಡಿರಲಿಲ್ಲ. ಎದುರು ಮನೆಯವರಿಗೆ ನಾನು ಯಾವ ಕಂಪನಿಯಲ್ಲಿದ್ದೇನೆ ಅಂತಲೂ ಗೊತ್ತಿರಲಿಲ್ಲ. ಉಳಿದವನು ಭಾವಮೈದುನ. ಅವನು ಏನು ಮಾಡಿದರೂ ಒಂದು ಮಾತು ಅಂದೇ ಅನ್ನುತ್ತಾನೆ.

ಹರಿಹರದಲ್ಲಿ ಹಳೇ ಸ್ನೇಹಿತನ ಮೆಡಿಕಲ್ ಶಾಪ್ ಇದೆ. ಆರು ಭಾನುವಾರ ಅಲ್ಲಿ ಹೋಗಿ ನಿಂತೆ. ಔಷಧಿ ಕೊಡೋದು ಅವನದೇ, ನಾನು ಸ್ಟಾಕ್ ಜೋಡಿಸೋದು, ಬಿಲ್ ಬರೆಯೋದು. ಮೊದಲ ಭಾನುವಾರ ರಾತ್ರಿ ಕಾಲು ಊದಿ ಚಪ್ಪಲಿ ಹಿಡಿಯಲಿಲ್ಲ. ಉದ್ರಿ ಪುಸ್ತಕ ನೋಡಿದೆ, ಅವಧಿ ಮೀರಿದ ಔಷಧಿಯ ಡಬ್ಬ ನೋಡಿದೆ. ಆನ್‌ಲೈನಿನಲ್ಲಿ ಅಷ್ಟು ಕಡಿಮೆ, ನೀವು ಯಾಕೆ ಕೊಡಲ್ಲ ಅನ್ನುವವರನ್ನೂ ನೋಡಿದೆ.

ನಾಲ್ಕನೇ ಭಾನುವಾರ ಒಬ್ಬರು ಬಂದರು. ಹಮಾಲಿ ಕೆಲಸದವರು, ಹೆಗಲ ಮೇಲೆ ಟವೆಲ್, ಅದರ ಮೇಲೆ ಹಿಟ್ಟಿನ ಧೂಳು. ಬಿ.ಪಿ. ಗುಳಿಗೆಯ ಖಾಲಿ ಶೀಟು ಕೌಂಟರ್ ಮೇಲಿಟ್ಟು, "ಐದೇ ಕೊಡ್ರಿ" ಅಂದರು. ನಾನು ಶೀಟು ಕೈಗೆತ್ತಿಕೊಂಡೆ. ನಮ್ಮದೇ ಬ್ರ್ಯಾಂಡ್. ಆ ಡಾಕ್ಟರ ಹತ್ತಿರ ಹತ್ತು ಸಲ ಹೋಗಿ ನಾನೇ ಬರೆಸಿದ್ದು. ಬಹುಮಾನವೂ ಬಂದಿತ್ತು ಅದಕ್ಕೆ. "ದಿನಾ ಒಂದಲ್ವಾ? ಐದು ದಿನಕ್ಕಷ್ಟೇ ಆಗತ್ತೆ" ಅಂದೆ. ಅವರು ನಕ್ಕು, "ಹತ್ ದಿನ ಬರ್ತಾವ್ರಿ. ದಿನ ಬಿಟ್ಟು ದಿನ ತಗಂತೀನಿ. ದಿನಾ ನುಂಗಿದ್ರೆ ಪೂರೈಸಂಗಿಲ್ಲ" ಅಂದರು. ಸ್ನೇಹಿತ ಕತ್ತರಿ ತಗೊಂಡು ಶೀಟನ್ನು ಅರ್ಧಕ್ಕೆ ಕತ್ತರಿಸಿ ಕೊಟ್ಟ. ದಿನಕ್ಕೆ ಎಷ್ಟು ಸಲ ಹಾಗೆ ಕತ್ತರಿಸುತ್ತಾನೋ, ಅವನ ಕೈಗೆ ಅದು ಅಭ್ಯಾಸ.

ಮುಂದಿನ ಸೆಷನ್ನಿನಲ್ಲಿ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಮೇಡಂ ಮತ್ತೆ ಸುಮ್ಮನಿದ್ದರು. ಆ ಸಲ ನಾನು ಮೊಬೈಲ್ ನೋಡಲಿಲ್ಲ.

ಜನೌಷಧಿ ಕೇಂದ್ರ ತೆಗೆ ಅಂತ ಹೇಳಿದವನು ಆ ಸ್ನೇಹಿತನೇ. ಬ್ರ್ಯಾಂಡ್ ಹೆಸರಿಲ್ಲದ ಜೆನೆರಿಕ್ ಔಷಧಿಯನ್ನು ಕಡಿಮೆ ಬೆಲೆಗೆ ಮಾರುವ, ಕೇಂದ್ರ ಸರ್ಕಾರದ ಯೋಜನೆಯ ಅಂಗಡಿ ಅದು. "ಇನ್ನೊಂದು ಮೆಡಿಕಲ್ ತೆಗೆದ್ರೆ ನನ್ ಹಂಗೆ ಉದ್ರಿ ಬರ್ಕೊಂಡು ಕೂತಿರ್ತೀಯ" ಅಂದ. ನನಗೆ ನಗು ಬಂತು. ಜೆನೆರಿಕ್ ಔಷಧಿ ಬಗ್ಗೆ ಡಾಕ್ಟರುಗಳ ಕಿವಿಯಲ್ಲಿ ಎಷ್ಟು ವರ್ಷ ಅನುಮಾನ ತುಂಬಿದ್ದೇನೆ ನಾನು! "ಕ್ವಾಲಿಟಿ ಗ್ಯಾರಂಟಿ ಇಲ್ಲ ಸರ್" ಅನ್ನೋದು ನಮ್ಮ ಬಾಯಲ್ಲಿ ಗಾಯತ್ರಿ ಮಂತ್ರದ ಹಾಗೆ ಬರುತ್ತಿತ್ತು. ಪೇಟೆಂಟ್ ಮುಗಿದ ಔಷಧಿಗೆ ಹೆಸರಿಟ್ಟು ನಾವು ಮಾರುತ್ತಿದ್ದದ್ದೂ ಬಹುಪಾಲು ಅದೇ ಜೆನೆರಿಕ್ಕೇ ಅಂತ ಬಿ.ಫಾರ್ಮ್ ಓದಿದವನಿಗೆ ಗೊತ್ತಿಲ್ಲದೆ ಏನಲ್ಲ. ಈಗ ಕೂತು ಓದಿಕೊಂಡೆ. ಯೋಜನೆ ಶುರುವಾದದ್ದು 2008ರಲ್ಲಿ. ಬ್ಯಾಚುಗಳನ್ನು ಎನ್‌ಎಬಿಎಲ್ ಅನ್ನೋ ರಾಷ್ಟ್ರೀಯ ಮಂಡಳಿ ಮಾನ್ಯತೆ ಕೊಟ್ಟ ಲ್ಯಾಬುಗಳಲ್ಲಿ ಪರೀಕ್ಷೆ ಮಾಡಿಸುತ್ತಾರೆ. ಅಂಗಡಿ ನಡೆಸುವವರಿಗೆ ತೆರಿಗೆ ಬಿಟ್ಟು ಎಂಆರ್‌ಪಿ ಮೇಲೆ 20% ಸಿಗುತ್ತದೆ. ಜಾಗ ಕನಿಷ್ಠ 120 ಚದರಡಿ ಬೇಕು, ಅರ್ಜಿ ಶುಲ್ಕ 5,000.

ಇಲ್ಲಿಂದ ಮುಂದೆ ಮೇಡಂ ಕೈಲಿ ಆಗುವಂಥದ್ದು ಹೆಚ್ಚೇನೂ ಇರಲಿಲ್ಲ. ಅವರೂ ಅದನ್ನೇ ಹೇಳಿದರು: "ದುಡ್ಡಿನ ಲೆಕ್ಕ ನನ್ನ ಜೊತೆ ಮಾಡಬೇಡಿ, ಮನೇಲಿ ಮಾಡಿ." ಮನೆಯಲ್ಲಿ ಲೆಕ್ಕ ಅಂದರೆ ನನ್ನ ಹೆಂಡತಿ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಇದನ್ನು ಮುಚ್ಚಿಡಬಾರದು: ಅವಳ ಸಂಬಳ ಇಲ್ಲದಿದ್ದರೆ ಈ ಕಥೆಯೇ ಇಲ್ಲ. ಅವಳು ಒಂದು 200 ಪುಟದ ನೋಟ್‌ಬುಕ್ ತಗೊಂಡು ಕೂತಳು. ಹಿಂದಿನ ಹದಿನೆಂಟು ತಿಂಗಳ ಖರ್ಚು, ಮನೆ ಸಾಲದಲ್ಲಿ ಉಳಿದದ್ದು, ಮಗಳ ಫೀಸು. "ರೀ, ಪಿ.ಎಫ್. ಮುಟ್ಟೋ ಹಾಗಿಲ್ಲ" ಅನ್ನೋದು ಮೊದಲ ಷರತ್ತು. ಪಿಂಚಣಿ 58ಕ್ಕೇ ತಗೊಳ್ಳೋದು, 50ಕ್ಕೇ ಕೇಳಿದರೆ ವರ್ಷಕ್ಕೆ 4%ರಂತೆ ಕತ್ತರಿ ಬೀಳುತ್ತದೆ. ಗ್ರಾಚ್ಯುಟಿ ಬಂದರೆ ಸೀದಾ ಮನೆ ಸಾಲಕ್ಕೆ. ಗ್ರಾಚ್ಯುಟಿ ಲೆಕ್ಕ ಅವಳೇ ಹಾಕಿದಳು: ಕೊನೆಯ ಬೇಸಿಕ್ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸರ್ವಿಸಿನ ವರ್ಷಗಳಿಂದ ಗುಣಿಸಬೇಕಿತ್ತು. ಉತ್ತರ ನೋಡಿ, "ಇಷ್ಟೇನಾ?" ಅಂದಳು. ಅಷ್ಟೇ. ಕೊನೆಯ ಕಂಪನಿಯಲ್ಲಿ ಹದಿನಾಲ್ಕೇ ವರ್ಷ. ಸಾಲದ್ದಕ್ಕೆ ಬೇಸಿಕ್ ಚಿಕ್ಕದಾಗಿಟ್ಟು ಅಲವೆನ್ಸ್ ದೊಡ್ಡದಾಗಿಟ್ಟಿದ್ದರು, ಎಷ್ಟು ಜಾಣರು ನೋಡಿ.

ಆರೋಗ್ಯ ವಿಮೆ ನನಗೆ ಹೊಳೆದೇ ಇರಲಿಲ್ಲ, ಅದೂ ಅವಳೇ ಕೇಳಿದ್ದು. ಕಂಪನಿಯ ವಿಮೆ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ನನಗೆ ಬಿ.ಪಿ. ಇದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. 2024ರಲ್ಲಿ ನಿಯಮ ಬದಲಾಗುವ ಮುಂಚೆ ಅದು ನಾಲ್ಕಿತ್ತು. ಹಾಗಾಗಿ ರಾಜೀನಾಮೆಗಿಂತ ಮೊದಲೇ ಪಾಲಿಸಿ ಮಾಡಿಸಿದೆವು. ನನ್ನ ಹಾಗೆ ಯೋಚನೆ ಮಾಡುತ್ತಿರುವವರು ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಇನ್ನು ನನ್ನ ಫಾರ್ಮಸಿಸ್ಟ್ ನೋಂದಣಿ. 1999ರಲ್ಲಿ ಮಾಡಿಸಿದ್ದು, ಆಮೇಲೆ ನವೀಕರಣದ ನೆನಪೇ ಮಾಡಿರಲಿಲ್ಲ. ಸರ್ಟಿಫಿಕೇಟ್ ಅಟ್ಟದ ಟ್ರಂಕಿನಲ್ಲಿ ಅಮ್ಮನ ಹಳೇ ರೇಷ್ಮೆ ಸೀರೆಗಳ ಕೆಳಗೆ ಸಿಕ್ಕಿತು, ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಫೋಟೋದಲ್ಲಿದ್ದ ಹುಡುಗನಿಗೆ ತಲೆತುಂಬ ಕೂದಲು. ಬಾಕಿ ಕಟ್ಟಿ ಪಟ್ಟಿಗೆ ಮತ್ತೆ ಹೆಸರು ಸೇರಿಸಿಕೊಂಡೆ. ತಪ್ಪು ನನ್ನದು, ದಂಡ ಕಟ್ಟಲು ಬೇಜಾರಾಗಲಿಲ್ಲ.

2025ರ ಜನವರಿಯಲ್ಲಿ ರಾಜೀನಾಮೆ ಕೊಟ್ಟೆ. 90 ದಿನ ನೋಟಿಸ್ ಪೀರಿಯಡ್. ಕೊನೆಯ ದಿನ ಬ್ಯಾಗ್, ಟ್ಯಾಬ್, ಉಳಿದ ಸ್ಯಾಂಪಲ್ ಎಲ್ಲ ಲೆಕ್ಕ ಕೊಟ್ಟು ಹೊರಗೆ ಬಂದೆ. ಬಲ ಹೆಗಲು ಎಡ ಹೆಗಲಿಗಿಂತ ಸ್ವಲ್ಪ ಕೆಳಗೇ ಉಳಿದಿದೆ. ಟೈಲರ್ ಅಳತೆ ತಗೊಳ್ಳುವಾಗ ಪ್ರತಿ ಸಲ ಹೇಳುತ್ತಾನೆ.

ಡ್ರಗ್ ಲೈಸೆನ್ಸಿನಲ್ಲಿ ಒಂದು ಗೋಜಲಿದೆ. ಅಂಗಡಿಯ ಫಾರ್ಮಸಿಸ್ಟ್ ಬೇರೆಲ್ಲೂ ಕೆಲಸದಲ್ಲಿರುವಂತಿಲ್ಲ. ಅಂದರೆ ಸಂಬಳ ಬಿಟ್ಟ ಮೇಲೆಯೇ ಅರ್ಜಿ, ಲೈಸೆನ್ಸ್ ಬರುವವರೆಗೆ ಖಾಲಿ ಅಂಗಡಿಗೆ ಬಾಡಿಗೆ. ಅದರಲ್ಲೂ ನಾನೊಂದು ಎಡವಟ್ಟು ಮಾಡಿಕೊಂಡೆ. ಚಿಲ್ಲರೆ ಔಷಧಿ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಬೇಕು. ಕೇಂದ್ರಕ್ಕೆ ಬೇಕಾದ 120 ಚದರಡಿ ಅದಕ್ಕಿಂತ ಸ್ವಲ್ಪ ಜಾಸ್ತಿ. ನಾನು ನೋಡಿದ ಮಳಿಗೆ ಅಳತೆಗೆ ಸರಿಯಿದೆ ಅಂದುಕೊಂಡು ಮುಂಗಡ ಕೊಟ್ಟೆ. ಮನೆಗೆ ಬಂದು ಹೆಂಡತಿ ನಕ್ಷೆ ನೋಡಿ, "ಮೆಟ್ಟಿಲ ಕೆಳಗಿನ ಜಾಗಾನೂ ಸೇರಿಸಿದೀರಾ?" ಅಂದಳು. ಸೇರಿಸಿದ್ದೆ! ಅಲ್ಲಿ ಬೆಕ್ಕು ಮಾತ್ರ ನಿಲ್ಲಬಹುದು. ಮುಂಗಡದಲ್ಲಿ ಅರ್ಧ ವಾಪಸ್ ಬಂತು. ಮುಂದಿನ ಮಳಿಗೆಗಳಿಗೆಲ್ಲ ಟೇಪು ಹಿಡಿದು ಅವಳೇ ಬಂದಳು.

ಬಾಗಿಲು ತೆಗೆದದ್ದು 2025ರ ಆಗಸ್ಟ್ 8, ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ. ಅಪ್ಪ ಬಂದು ಬೋಣಿ ಮಾಡಿದರು. ತಮ್ಮ ಬಿ.ಪಿ. ಗುಳಿಗೆಯನ್ನೇ ಕೊಂಡರು. ಚಿಲ್ಲರೆ ಎಣಿಸಿ ಕೊಡುವಾಗ ಬಿಲ್ ನೋಡಿ, "ತಪ್ ಹಾಕಿದೀಯ ನೋಡು" ಅಂದರು. ತಪ್ಪಾಗಿರಲಿಲ್ಲ. ಆವತ್ತು ಭಾವಮೈದುನನೂ ಬಂದಿದ್ದ. ಒಂದು ಮಾತು ಅಂದ. ಅದನ್ನು ಬರೆಯಲ್ಲ.

ಒಂದೂವರೆ ತಿಂಗಳಿಗೆ, ಸೆಪ್ಟೆಂಬರ್ 22ಕ್ಕೆ, ಬಹುತೇಕ ಔಷಧಿಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ಇನ್ನೂ ಯಾವ ಡಬ್ಬ ಎಲ್ಲಿದೆ ಅಂತಲೇ ಪೂರ್ತಿ ಗೊತ್ತಿಲ್ಲದ ಹೊತ್ತಿನಲ್ಲಿ ಬೆಲೆಗಳೆಲ್ಲ ಬದಲು. ಮಗಳು ಬಂದು ಕಂಪ್ಯೂಟರಿನಲ್ಲಿ ಸರಿ ಮಾಡಿಕೊಟ್ಟಳು.

ಸಂಪಾದನೆ? ಮೊದಲು ಕೈಗೆ 92,000 ಬರುತ್ತಿತ್ತು. ಈಗ ಬಾಡಿಗೆ, ಕರೆಂಟು, ಹುಡುಗನ ಸಂಬಳ ಕಳೆದರೆ ಒಳ್ಳೆ ತಿಂಗಳಲ್ಲಿ 25,000 ದಾಟುತ್ತದೆ. ಕೆಟ್ಟ ತಿಂಗಳ ಅಂಕಿ ಹೆಂಡತಿಯ ನೋಟ್‌ಬುಕ್ಕಿನಲ್ಲಿದೆ. ಕಾರು ಮಾರಿದ್ದೇವೆ. ಭಾನುವಾರ ಸಂಜೆ ಮೊಬೈಲ್ ಅಲುಗಿದರೆ ಈಗಲೂ ಎದೆ ಒಂದು ಸಲ ಧಸಕ್ಕೆನ್ನುತ್ತದೆ, ಅದು ಇನ್ನೂ ಹೋಗಿಲ್ಲ.

ಬ್ಯಾಗಿನ ಕಾಲದ್ದು ಒಂದು ಮಾತ್ರ ದಿನಾ ಉಪಯೋಗಕ್ಕೆ ಬರುತ್ತದೆ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ, ಡಾಕ್ಟರು ಬರೆದುಕೊಡಬೇಕಾದ ಔಷಧಿಯನ್ನು ನಾವೇ ಬದಲಾಯಿಸಿ ಕೊಡುವಂತಿಲ್ಲ. ಹಾಗೆ ಬಂದಾಗ ಡಾಕ್ಟರಿಗೇ ಫೋನ್ ಮಾಡುತ್ತೇನೆ. "ಸರ್, ಇದೇ ಸಾಲ್ಟ್ ನಮ್ಮಲ್ಲಿದೆ. ಪೇಷೆಂಟ್‌ಗೆ ಆ ಬೆಲೆ ಆಗಲ್ಲ ಅಂತಾರೆ. ಚೀಟೀಲಿ ಸಾಲ್ಟ್ ಹೆಸರು ಬರೆದು ಕಳಿಸ್ತೀರಾ?" ಸಾಲ್ಟ್ ಅಂದರೆ ಬ್ರ್ಯಾಂಡಿನೊಳಗಿರುವ ಮೂಲ ಔಷಧಿ. ಒಂದೂವರೆ ನಿಮಿಷದಲ್ಲಿ ಹೇಳಿ ಮುಗಿಸೋದು ನನಗೆ ಹೊಸದಲ್ಲ. ಕೆಲವರು ಬೈದು ಫೋನ್ ಇಡುತ್ತಾರೆ. ಕೆಲವರು ಈಗ ಮೊದಲೇ ಸಾಲ್ಟ್ ಹೆಸರು ಬರೆಯುತ್ತಾರೆ. ನಮ್ಮಲ್ಲಿ ಇಲ್ಲದ್ದಿದ್ದರೆ ಪಕ್ಕದ ಮೆಡಿಕಲ್‌ಗೆ ಕಳಿಸುತ್ತೇನೆ.

ಮೇಡಂ ಜೊತೆ ಒಂಬತ್ತು ಸೆಷನ್ ಆಗಿತ್ತು. ಹತ್ತನೆಯದನ್ನು ಇಟ್ಟುಕೊಂಡಿರಿ, ಯಾವಾಗ ಬೇಕೋ ಆಗ ಮಾಡೋಣ ಅಂದಿದ್ದರು. ಅದು ಹಾಗೇ ಇದೆ.

ಮೊನ್ನೆ ಸಂಜೆ ಜೋರು ಮಳೆ. ಅಂಗಡಿಯ ಶೀಟಿನ ಕೆಳಗೆ ಒಬ್ಬ ಹುಡುಗ ಬಂದು ನಿಂತ. ಟೈ, ನೆನೆದ ಶೂ, ಬ್ಯಾಗನ್ನು ಎದೆಗವಚಿಕೊಂಡಿದ್ದ. ಒಳಗೆ ಕರೆದು ಸ್ಟೂಲ್ ಕೊಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಪರ್ಸಿನಿಂದ ಒಂದು ಚೀಟಿ ತೆಗೆದ, ಯಾರೋ ಡಾಕ್ಟರ ಹತ್ತಿರ ಬರೆಸಿಕೊಂಡದ್ದು. ಪ್ಯಾಂಟೊಪ್ರಝೋಲ್ 40. ಹೊತ್ತಿಗೆ ಸರಿಯಾಗಿ ಊಟ ಇಲ್ಲದ ಕೆಲಸ, ಗ್ಯಾಸ್ಟ್ರಿಕ್ ಬರದೆ ಇರುತ್ತಾ? ಶೀಟು ತೆಗೆದು ಕೌಂಟರ್ ಮೇಲಿಟ್ಟು, ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ, ಜಗಿಯಬಾರದು, ನೀರಿನ ಜೊತೆ ನುಂಗಬೇಕು ಅಂತ ತೋರಿಸಿ ಹೇಳಿದೆ.

ಅವನು ಬೆಲೆ ನೋಡಿದ. ಶೀಟು ತಿರುಗಿಸಿ ಮತ್ತೊಂದು ಸಲ ನೋಡಿದ. ಒಮ್ಮೆ ತನ್ನ ಬ್ಯಾಗಿನ ಕಡೆ ನೋಡಿದ. ಅದರೊಳಗೆ ಅದೇ ಮಾತ್ರೆ ಬೇರೆ ಹೆಸರಿನಲ್ಲಿ ಇರಬೇಕು.

"ಸರ್, ನೀವು ಯಾವ ಕಂಪನೀಲಿದ್ರಿ?" ಅಂದ.

ಹೇಗೆ ಗೊತ್ತಾಯಿತು ಅಂದೆ. ಅವನು ನನ್ನ ಕೈ ತೋರಿಸಿದ. ಬೆರಳಿನಲ್ಲಿ ತೋರಿಸುವ ಬದಲು ಪೆನ್ನಿನ ತುದಿಯನ್ನು ಶೀಟಿನ ಮೇಲಿನ ಅಕ್ಷರಗಳ ಕೆಳಗೆ ಹಿಡಿದಿದ್ದೆ. ಕ್ಯಾಪ್ ಹಾಕಿದ್ದ ಪೆನ್ನು, ವಿಷುಯಲ್ ಏಡ್ ಮೇಲೆ ಹಿಡಿಯಲು ಟ್ರೈನಿಂಗಿನಲ್ಲಿ ಕಲಿಸಿಕೊಡುತ್ತಾರಲ್ಲ, ಥೇಟ್ ಹಾಗೆ.